ಎಪ್ಪತ್ತಕ್ಕೆ ಫೇಲು: ಕನ್ಸೋಲ್ ಆಟಗಳ ವಿಮರ್ಶೆ ನಡೆದುಬಂದ ದಾರಿ

ತೊಂಬತ್ತರ ದಶಕದಲ್ಲಿ ಕಲಬುರಗಿ ಸೀಮೆಯ ವಾಡಿ, ಶಹಾಬಾದ, ಸೇಡಂ, ಚಿತ್ತಾಪುರದ ಮನೆಗಳಿಗೆ ಬಂದ ವಿಡಿಯೋ ಗೇಮ್ ಬಹುಪಾಲು ನಕಲಿ ಮಾಲು. ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರವನ್ನು ಅನುಕರಿಸಿ ಮಾಡಿದ ಅಗ್ಗದ ಪೆಟ್ಟಿಗೆ, ಎರಡು ರಿಮೋಟು, ಒಂದು ಕ್ಯಾಸೆಟ್. ಕ್ಯಾಸೆಟ್ಟಿನ ಮೇಲೆ '9999 ಇನ್ 1' ಎಂಬ ಚೀಟಿ. ಹುಡುಕಿದರೆ ಅದರೊಳಗಿನ ನಿಜವಾದ ಆಟಗಳು ಬೆರಳೆಣಿಕೆಯಷ್ಟು. ಉಳಿದ ನಂಬರುಗಳಲ್ಲಿ ಅವೇ ಆಟಗಳು ಬೇರೆ ಮಟ್ಟದಿಂದ, ಬೇರೆ ವೇಗದಿಂದ ಶುರುವಾಗುತ್ತಿದ್ದವು. ಹೀಗಾಗಿ ಇದೇ ಸೀಮೆಯ ರಾವೂರಿನಂಥ ಊರಿನಲ್ಲಿ ಗೇಮ್ ವಿಮರ್ಶೆ ಅಂದರೆ ಯಾವ ನಂಬರು ಒತ್ತಬೇಕು ಅನ್ನುವ ತಿಳಿವಳಿಕೆ. 'ಟ್ಯಾಂಕ್ ಹಚ್ಚಲೇ, ಇಬ್ರೂ ಕೂಡಿ ಆಡ್ಲಿಕ್ಕ ಬರ್ತದ' ಎಂದವನು ತೀರ್ಪನ್ನೂ ಕೊಟ್ಟ, ಕಾರಣವನ್ನೂ ಹೇಳಿದ.

ಆ 'ಟ್ಯಾಂಕ್' ನಾಮ್ಕೊ ಕಂಪನಿ 1985ರಲ್ಲಿ ತಂದ 'ಬ್ಯಾಟಲ್ ಸಿಟಿ'. ಫ್ಯಾಮಿಕಾಮ್ ಕಾಲದಲ್ಲಿ ಅದನ್ನು ಜಪಾನಿನ ಹೊರಗೆ ಅಧಿಕೃತವಾಗಿ ಮಾರಲೇ ಇಲ್ಲ. ಅಮೆರಿಕದ ಪತ್ರಿಕೆಗಳಿಗೆ ಅದನ್ನು ತೂಗಿನೋಡುವ ಪ್ರಸಂಗವೇ ಬರಲಿಲ್ಲ. ಆದರೂ ಕಲಬುರಗಿ ಸೀಮೆಯ ಒಂದು ತಲೆಮಾರು ಅದನ್ನು ಬೆರಳು ಸವೆಯುವಷ್ಟು ಆಡಿತು. ಕನ್ಸೋಲ್ ಆಟಗಳ ವಿಮರ್ಶೆಯ ಚರಿತ್ರೆಯನ್ನು ನೋಡುವಾಗ ಈ ಅಂತರವನ್ನು ಮರೆಯಬಾರದು. ಆಟ ಚೆನ್ನಾಗಿದೆಯೇ ಎಂಬ ಪ್ರಶ್ನೆಯ ಬೆನ್ನಿಗೇ ಇನ್ನೆರಡು ಪ್ರಶ್ನೆಗಳಿರುತ್ತವೆ: ಯಾರು ಆಡಿದರು, ಯಾವ ಯಂತ್ರದಲ್ಲಿ ಆಡಿದರು? ನಲವತ್ತು ವರ್ಷಗಳ ವಿಮರ್ಶೆ ಮೊದಲ ಪ್ರಶ್ನೆಗೆ ಉತ್ತರಿಸಲು ಪಟ್ಟ ಪಾಡಿನಲ್ಲಿ ಅರ್ಧದಷ್ಟನ್ನೂ ಉಳಿದೆರಡಕ್ಕೆ ಪಡಲಿಲ್ಲ.

ಗೇಮ್ ಪತ್ರಿಕೆಗಳು ಹುಟ್ಟಿದ್ದು 1981ರ ಸುಮಾರಿಗೆ, ಅಮೆರಿಕದಲ್ಲಿ 'ಎಲೆಕ್ಟ್ರಾನಿಕ್ ಗೇಮ್ಸ್', ಬ್ರಿಟನ್ನಿನಲ್ಲಿ 'ಕಂಪ್ಯೂಟರ್ ಆ್ಯಂಡ್ ವಿಡಿಯೋ ಗೇಮ್ಸ್'. ಅವು ಮುಖ್ಯವಾಗಿ ಕೊಳ್ಳುವವರ ಕೈಪಿಡಿಗಳು. ಆ ಕೈಪಿಡಿ ಎಷ್ಟು ಬೇಕಾಗಿತ್ತೆಂಬುದು ಮರುವರ್ಷವೇ ಗೊತ್ತಾಯಿತು. ಸ್ಪೀಲ್‌ಬರ್ಗ್ ಸಿನಿಮಾದ ಹೆಸರಿನಲ್ಲಿ ಅಟಾರಿ ಕಂಪನಿ 1982ರ ಕ್ರಿಸ್‌ಮಸ್ಸಿಗೆ 'ಇ.ಟಿ.' ಆಟವನ್ನು ತಂದಿತು. ಹಬ್ಬಕ್ಕೆ ಮೊದಲು ಮುಗಿಸಬೇಕೆಂದು ಹೊವಾರ್ಡ್ ಸ್ಕಾಟ್ ವಾರ್ಷಾಗೆ ಕೊಟ್ಟದ್ದು ಐದು ವಾರ. ಆಡಿದವರಿಗೆ ಸಿಕ್ಕಿದ್ದು ಮತ್ತೆ ಮತ್ತೆ ಗುಂಡಿಗೆ ಬೀಳುವ ಸುಖ. ಮಾರಾಟವಾಗದೆ ಉಳಿದ ಕ್ಯಾಸೆಟ್ಟುಗಳನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು. ಬಹುಕಾಲ ದಂತಕಥೆಯಂತಿದ್ದ ಈ ಸಂಗತಿ 2014ರ ಏಪ್ರಿಲ್‌ನಲ್ಲಿ ಅಗೆದಾಗ ನಿಜವೆಂದು ಖಚಿತವಾಯಿತು. ಅಮೆರಿಕದ ಗೇಮ್ ಮಾರುಕಟ್ಟೆ ಕುಸಿದದ್ದು ಈ ಒಂದು ಆಟದಿಂದ ಅನ್ನುವುದು ಅತಿಶಯೋಕ್ತಿ. ಅಂಗಡಿಗಳ ತುಂಬ ಕಳಪೆ ಮಾಲು ತುಂಬಿತ್ತು, ಇ.ಟಿ. ಹೆಸರು ಮಾತ್ರ ಬಾಯಿಗೆ ಬಂತು.

ಆ ಕುಸಿತದ ನಂತರ 1985ರಲ್ಲಿ ಅಮೆರಿಕಕ್ಕೆ ಕಾಲಿಟ್ಟ ನಿಂಟೆಂಡೊ, ವಿಮರ್ಶಕರಿಗಿಂತ ಮೊದಲೇ ತಾನು ಸೋಸುವೆನೆಂದಿತು. ಯಂತ್ರದೊಳಗೆ ಅನುಮತಿಯಿಲ್ಲದ ಕ್ಯಾಸೆಟ್ಟನ್ನು ತಡೆಯುವ ಚಿಪ್ಪು, ಡಬ್ಬಿಯ ಮೇಲೆ ಗುಣಮಟ್ಟದ ಮುದ್ರೆ, ಪ್ರಕಾಶಕರಿಗೆ ವರ್ಷಕ್ಕೆ ಇಷ್ಟೇ ಆಟ ಎಂಬ ಮಿತಿ. ಆದರೂ ಮುದ್ರೆ ಬಿದ್ದ ಕಳಪೆ ಆಟಗಳಿಗೆ ಬರವಿರಲಿಲ್ಲ. ಸಿನಿಮಾ, ಕಾಮಿಕ್ಸ್ ಹೆಸರುಗಳನ್ನು ಕೊಂಡು ಎಲ್‌ಜೆಎನ್ ಕಂಪನಿ ಹೊರತಂದ ಆಟಗಳನ್ನು ಜೇಮ್ಸ್ ರೋಲ್ಫ್ ಎಂಬಾತ ಮುಂದೆ ತನ್ನ 'ಆ್ಯಂಗ್ರಿ ವಿಡಿಯೋ ಗೇಮ್ ನರ್ಡ್' ವಿಡಿಯೋಗಳಲ್ಲಿ ಬೈದು ಬೈದೇ ಪ್ರಸಿದ್ಧನಾದ. ಕೆಟ್ಟ ಆಟದ ವಿಮರ್ಶೆ ಒಳ್ಳೆಯ ಮನರಂಜನೆಯೂ ಆಗಬಲ್ಲದೆಂದು ತೋರಿಸಿದವನು ಅವನು. ಅವನ ಹಿಂದೆ ಬಂದ ಅನೇಕರು ಮಾತ್ರ ಬೈಗುಳವನ್ನಷ್ಟೇ ಕಲಿತರು.

ಇತ್ತ ಜಪಾನಿನಲ್ಲಿ 1986ರಲ್ಲಿ ಶುರುವಾದ 'ಫಾಮಿತ್ಸು' ಪತ್ರಿಕೆ ಒಂದು ಕ್ರಮ ಹಾಕಿಕೊಟ್ಟಿತು. ನಾಲ್ವರು ವಿಮರ್ಶಕರು, ಒಬ್ಬೊಬ್ಬರಿಗೆ 10 ಅಂಕ, ಒಟ್ಟು 40. ಪೂರ್ಣ 40 ಮೊದಲು ಸಿಕ್ಕಿದ್ದು 1998ರ 'ದ ಲೆಜೆಂಡ್ ಆಫ್ ಝೆಲ್ಡಾ: ಆಕರಿನಾ ಆಫ್ ಟೈಮ್' ಆಟಕ್ಕೆ. ಒಂದೇ ಆಟದ ಬಗ್ಗೆ ನಾಲ್ಕು ಮನಸ್ಸುಗಳು ಬೇರೆ ಬೇರೆಯಾಗಿ ಯೋಚಿಸುವುದನ್ನು ಓದುಗ ಪಕ್ಕಪಕ್ಕದಲ್ಲೇ ನೋಡಬಹುದಿತ್ತು. ಆ ಗುಣ 2001ರಲ್ಲಿ ಬಂದ ಜಾಲತಾಣ ಮೆಟಾಕ್ರಿಟಿಕ್‌ಗೆ ಇಲ್ಲ. ಅದು ಹತ್ತಾರು ವಿಮರ್ಶೆಗಳನ್ನು ಅರೆದು ಒಂದೇ ಸಂಖ್ಯೆ ಮಾಡಿ ಕೈಗಿಡುತ್ತದೆ. ಆ ಸಂಖ್ಯೆಗೆ ಎಷ್ಟು ಬೆಲೆ ಬಂತೆಂದರೆ, 2010ರ 'ಫಾಲೌಟ್: ನ್ಯೂ ವೇಗಸ್' ತಯಾರಿಸಿದ ಆಬ್ಸಿಡಿಯನ್ ಸಂಸ್ಥೆಗೆ 85 ಬಂದರೆ ಬೋನಸ್ ಎಂಬ ಒಪ್ಪಂದವಿತ್ತು, ಬಂದದ್ದು 84. ಒಂದು ಅಂಕಕ್ಕೆ ದುಡ್ಡು ಹೋಯಿತು.

ಅಂಕಗಳ ವಿಚಿತ್ರ ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೆ ಪಾಸಾಗುತ್ತಿತ್ತು, ಗೇಮ್ ಲೋಕದಲ್ಲಿ 70ಕ್ಕೇ ಫೇಲು. ನೂರರ ಅಳತೆಗೋಲಿನ ಕೆಳಗಿನ ಅರ್ಧವನ್ನು ಯಾರೂ ಬಳಸುವುದಿಲ್ಲವಾದ್ದರಿಂದ ಸಾಧಾರಣ ಆಟಕ್ಕೆ ಜಾಗವೇ ಇಲ್ಲದಂತಾಯಿತು. ಜಾಹೀರಾತಿನ ನೆರಳೂ ಇತ್ತು. 2007ರ ನವೆಂಬರ್‌ನಲ್ಲಿ ಗೇಮ್‌ಸ್ಪಾಟ್ ಜಾಲತಾಣದ ತುಂಬ 'ಕೇನ್ ಆ್ಯಂಡ್ ಲಿಂಚ್' ಆಟದ ಜಾಹೀರಾತು ಇದ್ದಾಗಲೇ ಅದಕ್ಕೆ ಹತ್ತರಲ್ಲಿ 6 ಅಂಕ ಕೊಟ್ಟ ಅಲ್ಲಿನ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ಕೆಲಸ ಕಳೆದುಕೊಂಡರು. ಅಂಕಗಳಿಂದ ಮೂಡಿದ ಒತ್ತಡದ ಬಗ್ಗೆ ಅವರು 2012ರಲ್ಲಿ ಬಾಯಿಬಿಟ್ಟರು.

ನನ್ನ ಮಟ್ಟಿಗೆ ಇಡೀ ಅಂಕಪದ್ಧತಿಗೆ ಸಿಕ್ಕ ದೊಡ್ಡ ಸವಾಲು 'ಕ್ರಿಕೆಟ್ 07'. ಕೆನಡಾದ ಎಚ್‌ಬಿ ಸ್ಟುಡಿಯೋಸ್ ತಯಾರಿಸಿ, ಇಎ ಕಂಪನಿ 2006ರ ಕೊನೆಗೆ ಪ್ಲೇಸ್ಟೇಷನ್ 2 ಮತ್ತು ಕಂಪ್ಯೂಟರಿಗೆ ಬಿಟ್ಟ ಆಟವಿದು. ವಿದೇಶಿ ವಿಮರ್ಶಕರು ಸಾಧಾರಣ ಅಂದರು, ಅದು ಸುಳ್ಳೂ ಅಲ್ಲ. ಪೂರ್ಣ ಪರವಾನಗಿ ಇದ್ದದ್ದು ಆಸ್ಟ್ರೇಲಿಯ, ಇಂಗ್ಲೆಂಡ್ ತಂಡಗಳಿಗೆ. ನಮ್ಮ ಆಟಗಾರರ ಹೆಸರುಗಳೆಲ್ಲ ತಿರುಚಿದವು. ಫೀಲ್ಡರುಗಳು ಕೆಲವೊಮ್ಮೆ ಚೆಂಡನ್ನು ನೋಡಿಯೂ ನೋಡದಂತೆ ನಿಲ್ಲುತ್ತಿದ್ದರು. ಒಂದೇ ಹೊಡೆತ ಕಲಿತವನು ಓವರಿಗೆ ಆರು ಸಿಕ್ಸರ್ ಎತ್ತಬಹುದಿತ್ತು. ಆದರೆ ಪ್ಲೇಸ್ಟೇಷನ್ನಿನ ಬಲಗಡೆ ಕಡ್ಡಿಯನ್ನು ತಿರುಗಿಸಿ ಹೊಡೆತ ಆರಿಸುವ ಉಪಾಯ ಹೊಸದಾಗಿತ್ತು. ತಾಸಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ವಿಡಿಯೋ ಗೇಮ್ ಅಂಗಡಿಗಳಲ್ಲಿ ಐದು ಓವರಿನ ಮ್ಯಾಚು ಹೇಳಿಮಾಡಿಸಿದಂತಿತ್ತು. ತಿರುಚಿದ ಹೆಸರುಗಳನ್ನು ಹುಡುಗರೇ ತಿದ್ದಿದರು. ಕಂಪ್ಯೂಟರ್ ಆವೃತ್ತಿಗೆ ಅಭಿಮಾನಿಗಳು ಹೊಸ ಜೆರ್ಸಿ, ಹೊಸ ತಂಡ, ಐಪಿಎಲ್ಲನ್ನೂ ತುಂಬಿದರು. ಇಎ ಆಮೇಲೆ ಕ್ರಿಕೆಟ್ಟಿನ ಕನ್ಸೋಲ್ ಆಟ ಮಾಡಲಿಲ್ಲ, ಇದು ಮಾತ್ರ ವರ್ಷಗಟ್ಟಲೆ ಬದುಕಿತು. ಅಂಕ ಕೊಟ್ಟವರು ಒಬ್ಬರೇ ಕೂತು ಆಡಿರಬೇಕು. ಇಲ್ಲಿ ಅದನ್ನು ಆಡಿದ್ದು ಗುಂಪು.

ಹಾಗಂತ ಗುಂಪಿನ ಪ್ರೀತಿ ಎಲ್ಲವನ್ನೂ ತೇಲಿಸುವುದಿಲ್ಲ. 2013ರ ನವೆಂಬರ್‌ನಲ್ಲಿ 'ಆ್ಯಷಸ್ ಕ್ರಿಕೆಟ್ 2013' ಕಂಪ್ಯೂಟರಿಗೆ ಬಂತು. ಅದರ ದೋಷಗಳನ್ನು ಕಂಡ ಜನ ನಕ್ಕರು. ಕೆಲವೇ ದಿನಗಳಲ್ಲಿ ಪ್ರಕಾಶಕರು ಮಾರಾಟ ನಿಲ್ಲಿಸಿ ದುಡ್ಡು ವಾಪಸು ಕೊಟ್ಟರು. ಕನ್ಸೋಲ್ ಆವೃತ್ತಿ ಬೆಳಕನ್ನೇ ಕಾಣಲಿಲ್ಲ.

ಭಾರತದಲ್ಲೇ ಪೂರ್ತಿಯಾಗಿ ತಯಾರಾದ ಮೊದಲ ಕನ್ಸೋಲ್ ಆಟ ಎಂದು ಹೆಸರಾದ 'ಹನುಮಾನ್: ಬಾಯ್ ವಾರಿಯರ್' 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು. ತಯಾರಿಸಿದ್ದು ಹೈದರಾಬಾದಿನ ಅರೋನಾ ಟೆಕ್ನಾಲಜೀಸ್. ವಾಡಿಯಲ್ಲಿ ರೈಲು ಹತ್ತಿದರೆ ಅದೇ ದಿನ ಮುಟ್ಟುವ ಊರದು, ನಿಜಾಮನ ಕಾಲದಲ್ಲಿ ನಮ್ಮ ರಾಜಧಾನಿ. ಆಟದ ಗತಿ ಒರಟು, ಚಿತ್ರಗಳು ತಮ್ಮ ಕಾಲಕ್ಕಿಂತ ಹಿಂದೆ, ವಿಮರ್ಶಕರು ಕೈಹಿಡಿಯಲಿಲ್ಲ. ಅದಕ್ಕಿಂತ ಹೆಚ್ಚು ಸದ್ದು ಮಾಡಿದ್ದು ಅಮೆರಿಕದ ಹಿಂದೂ ಮುಖಂಡ ರಾಜನ್ ಝೆಡ್ ಅವರ ಆಕ್ಷೇಪ: ದೇವರನ್ನು ಬಟನ್ ಒತ್ತಿ ಆಡಿಸುವುದು ಸರಿಯಲ್ಲ ಎಂದು. ಬಯಲಾಟದಲ್ಲಿ ವೇಷ ಕಟ್ಟಿ ಹನುಮಂತನನ್ನು ಕುಣಿಸುವ ನಾಡಿನಲ್ಲಿ ಈ ಆಕ್ಷೇಪಕ್ಕೆ ಹೆಚ್ಚು ತೂಕವಿಲ್ಲ. ಆಟದ ಮೇಲಿನ ನಿಜವಾದ ದೂರು, ಅದು ಹನುಮಂತನಿಗೆ ತಕ್ಕಷ್ಟು ಹಾರಲಿಲ್ಲ ಅನ್ನುವುದು.

ಹನ್ನೊಂದು ವರ್ಷದ ನಂತರ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 'ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್' ತಂದಿತು. 2020ರ ಆಗಸ್ಟ್‌ನಲ್ಲಿ ಮೊದಲು ನಿಂಟೆಂಡೊ ಸ್ವಿಚ್, ಅಕ್ಟೋಬರ್‌ನಲ್ಲಿ ಉಳಿದ ಯಂತ್ರಗಳು. ರಾಜಸ್ಥಾನಿ ಕೋಟೆಗಳ ನೋಟವನ್ನು ಎಲ್ಲರೂ ಹೊಗಳಿದರು. ಕಾದಾಟ ಪೆಡಸು, ಆಟ ಚಿಕ್ಕದು, ಕೊನೆ ತಟ್ಟನೆ ಕಡಿದಂತಿದೆ ಎಂದು ಅನೇಕರು ಬರೆದರು. ಮೂರೂ ನಿಜ. ನಮ್ಮ ಕಥೆಯೆಂಬ ಅಭಿಮಾನಕ್ಕೆ ರಿಯಾಯಿತಿ ಕೊಡದೆಯೂ ಇದು ಗೌರವ ಗಳಿಸಿತು. 2023ರಲ್ಲಿ ಕೆನಡಾದಿಂದ ಬಂದ 'ವೆಣ್ಬಾ', ವಲಸೆ ಹೋದ ತಮಿಳು ಕುಟುಂಬದ ಅಡುಗೆಮನೆಯ ಆಟ, ಮೊದಲ ಆಟಗಳಿಗೆ ಮೀಸಲಾದ ಬಾಫ್ಟಾ ಪ್ರಶಸ್ತಿಯನ್ನೇ ಪಡೆಯಿತು. ತಾಯಿಯ ಅಳಿಸಿಹೋದ ಪಾಕಪುಸ್ತಕ ಓದುತ್ತ ಇಡ್ಲಿ, ಪುಟ್ಟು ಮಾಡುವುದೇ ಆಟ. ಕನ್ನಡದವರು ನಾವು ಹೊಟ್ಟೆಕಿಚ್ಚು ಪಡಬಹುದಾದ ಕೆಲಸ ಅದು.

ವಿಮರ್ಶೆ ಪ್ರಬುದ್ಧವಾದದ್ದು ಅಂಕಗಳಿಂದಲ್ಲ. 2007ರಲ್ಲಿ ಕ್ಲಿಂಟ್ ಹಾಕಿಂಗ್, ಸ್ವತಃ ಗೇಮ್ ವಿನ್ಯಾಸಕ, 'ಬಯೊಶಾಕ್' ಆಟದ ಕಥೆ ಒಂದು ಹೇಳಿದರೆ ಆಡುವ ಕ್ರಿಯೆ ಇನ್ನೊಂದು ಹೇಳುತ್ತದೆಂದು ತೋರಿಸಿದರು. ಎಲ್ಲರೂ ಹೊಗಳಿದ ಕೃತಿಯ ಒಳಗಿನ ದೋಷ ಅದು. ಮೂರು ವರ್ಷದ ಮೇಲೆ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ವಿಡಿಯೋ ಗೇಮ್ ಎಂದೂ ಕಲೆಯಾಗದು ಎಂದಾಗ ದೊಡ್ಡ ಜಗಳವೇ ನಡೆಯಿತು. ನನಗೆ ಹಾಕಿಂಗ್ ಮಾತೇ ಹೆಚ್ಚು ಉಪಯುಕ್ತ. ಅಂಥ ದೋಷವಿಚಾರ ನಮಗೆ ಹೊಸದೂ ಅಲ್ಲ. ರಾವೂರಿಗೆ ಹತ್ತಿರದ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೇ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕಾವ್ಯದ ದೋಷಗಳಿಗೇ ದೊಡ್ಡ ಜಾಗ ಕೊಟ್ಟಿದೆ. ಅದನ್ನು ಬರೆದ ಶ್ರೀವಿಜಯ, ಕವಿಗಳಿಗೆ ಅಂಕ ಹಾಕಲಿಲ್ಲ. ಯಾವುದು, ಏಕೆ ಕೆಟ್ಟಿತು ಎಂದು ಬಿಡಿಸಿ ಹೇಳಿದ.

2020ರ ಡಿಸೆಂಬರ್‌ನ 'ಸೈಬರ್‌ಪಂಕ್ 2077' ಪ್ರಕರಣ ಅಂಕಗಳ ಮೇಲಿನ ನಂಬಿಕೆಗೆ ಬಿದ್ದ ಪೆಟ್ಟು. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಸಿಕ್ಕಿದ್ದು ಕಂಪ್ಯೂಟರ್ ಆವೃತ್ತಿ, ಅಂಕಗಳೂ ಭರ್ಜರಿ. ಹಳೆಯ ಪ್ಲೇಸ್ಟೇಷನ್ 4ರಲ್ಲಿ ಕೊಂಡವರಿಗೆ ಸಿಕ್ಕಿದ್ದು ಮುಗ್ಗರಿಸುವ ಆಟ. ವಾರ ಕಳೆಯುವ ಹೊತ್ತಿಗೆ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿತು. ವಾಪಸು ಬಂದದ್ದು 2021ರ ಜೂನ್‌ನಲ್ಲಿ. ಅದು ಆಮೇಲೆ ಸುಧಾರಿಸಿತು. 2016ರಲ್ಲಿ ಬೈಗುಳ ತಿಂದ 'ನೋ ಮ್ಯಾನ್ಸ್ ಸ್ಕೈ' ಕೂಡ ವರ್ಷಗಳ ತಿದ್ದುಪಡಿಯಿಂದ ಮರ್ಯಾದೆ ಗಳಿಸಿತು. ಬಿಡುಗಡೆಯ ದಿನ ಬರೆದ ವಿಮರ್ಶೆ ಆರು ತಿಂಗಳಿಗೆ ಹಳಸುವ ಕಾಲ ಇದು. ಆದರೆ ಮೊದಲ ದಿನ ದುಡ್ಡು ಕೊಟ್ಟವನಿಗೆ ತಿದ್ದುಪಡಿ ಸಮಾಧಾನವಲ್ಲ.

ಕರ್ನಾಟಕದ ಕೈಚಳಕ ಈ ಲೋಕದಲ್ಲಿ ಕಡಿಮೆಯೇನಿಲ್ಲ. ರಾಜೇಶ್ ರಾವ್ ಬೆಂಗಳೂರಿನಲ್ಲಿ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್, 'ಫೋರ್ಜಾ' ಸರಣಿಯ ಕಾರುಗಳಿಗೆ ರೂಪ ಕೊಟ್ಟ ಸಂಸ್ಥೆ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡಿತು. ನೂರರ ಹತ್ತಿರದ ಅಂಕ ಪಡೆದ 'ರೆಡ್ ಡೆಡ್ ರಿಡೆಂಪ್ಶನ್ 2' ಆಟದಲ್ಲಿ ರಾಕ್‌ಸ್ಟಾರಿನ ಬೆಂಗಳೂರು ಶಾಖೆಯ ದುಡಿಮೆಯಿದೆ. ಕೆಲಸ ಇಲ್ಲಿ, ಮಾತು ಅಲ್ಲಿ. ಯು.ಬಿ. ಪವನಜರ 'ಗ್ಯಾಜೆಟ್ ಲೋಕ' ಅಂಕಣ ಫೋನು, ಇಯರ್‌ಫೋನುಗಳ ಗುಣದೋಷವನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿತು. ಕನ್ಸೋಲ್ ಆಟಗಳಿಗೆ ಅಂಥ ಗಟ್ಟಿ ಅಂಕಣವನ್ನು ನಾನು ಓದಿಲ್ಲ. ನಾನು ಆಡಿದ ಯಾವ ಆಟದ ಭಾಷೆಗಳ ಪಟ್ಟಿಯಲ್ಲೂ ಕನ್ನಡ ಕಂಡಿಲ್ಲ.

ಹಾಗಾಗಿ ಪತ್ರಿಕೆಗಳ ತಂತ್ರಜ್ಞಾನ ಪುಟ ನೋಡಿಕೊಳ್ಳುವವರಲ್ಲಿ ಒಂದು ಕೋರಿಕೆ. ಹೊಸ ಆಟದ ಡಿಸ್ಕು ಸುಮಾರು 5,000 ರೂಪಾಯಿ ಆಗಿರುವಾಗ ಕನ್ನಡದ ಓದುಗನಿಗೆ ಬೇಕಾದದ್ದು ಇಂಗ್ಲಿಷಿನಿಂದ ಇಳಿಸಿಕೊಂಡ 9/10 ಅಲ್ಲ. ಡಿಸ್ಕು ಹಾಕಿದ ಮೇಲೂ ಎಷ್ಟು ಜಿಬಿ ಇಳಿಸಬೇಕು, ನೆಟ್ ಇಲ್ಲದಿದ್ದರೆ ನಡೆಯುತ್ತದೆಯೇ, ಹಳೆಯ ಯಂತ್ರದಲ್ಲಿ ಮುಗ್ಗರಿಸುತ್ತದೆಯೇ, ಆರು ತಿಂಗಳು ಕಾದರೆ ಅರ್ಧ ಬೆಲೆಗೆ ಸಿಗುತ್ತದೆಯೇ ಎಂದು ನಮ್ಮೂರಿನ ಟಿವಿ ಮುಂದೆ ಕೂತು ಆಡಿ ಬರೆಯಿರಿ. ಸಾಧಾರಣ ಆಟವನ್ನು ಸಾಧಾರಣ ಅನ್ನಿ, ಯಾರಿಗೆ ಅದು ಸಾಕಾಗುತ್ತದೆಂದೂ ಹೇಳಿ. ಅಂಕ ಬೇಕೇ ಬೇಕಿದ್ದರೆ ಕೊನೆಯ ಸಾಲಿಗೆ ಇಡಿ.