ವೈರಸ್ ಮತ್ತು ಪ್ರಿಯಾನ್‌ಗಳ ಜೀವಸ್ವರೂಪ

ವೈರಸ್ ಮತ್ತು ಪ್ರಿಯಾನ್‌ಗಳು ಜೀವಿಗಳಿಗೆ ಸೋಂಕು ತಗುಲಿಸುವ, ಆದರೆ ಜೀವಕೋಶದ ರಚನೆಯಿಲ್ಲದ ಕಣಗಳು. ಇವುಗಳನ್ನು ಸಜೀವಿಗಳೆಂದು ಪರಿಗಣಿಸಬೇಕೇ ಎಂಬುದು ಜೀವಶಾಸ್ತ್ರದ ಚರ್ಚಿತ ಪ್ರಶ್ನೆಗಳಲ್ಲೊಂದು. ಇದರ ಉತ್ತರವು ‘ಜೀವ’ ಎಂಬುದರ ವ್ಯಾಖ್ಯಾನವನ್ನು ಅವಲಂಬಿಸಿದೆ.

ಇತಿಹಾಸ

ತಂಬಾಕು ಗಿಡದ ಮೊಸಾಯಿಕ್ ರೋಗದ ಕಾರಕವು ಬ್ಯಾಕ್ಟೀರಿಯಾಗಳನ್ನು ತಡೆಹಿಡಿಯುವ ಸೋಸುಕದ ಮೂಲಕವೂ ಹಾದುಹೋಗುತ್ತದೆ ಎಂದು 1892ರಲ್ಲಿ ರಷ್ಯಾದ ದಿಮಿತ್ರಿ ಇವನೋವ್‌ಸ್ಕಿ ತೋರಿಸಿದರು. 1898ರಲ್ಲಿ ನೆದರ್ಲೆಂಡ್ಸ್‌ನ ಮಾರ್ಟಿನಸ್ ಬೈಯರಿಂಕ್ ಅದನ್ನು ಸಜೀವವಾದ ಸಾಂಕ್ರಾಮಿಕ ದ್ರವವೆಂದು ಕರೆದರು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಅದೇ ವೈರಸ್ಸನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಉಪ್ಪಿನಂತೆ ಹರಳುಗಟ್ಟಿದ ವಸ್ತುವೊಂದು ಗಿಡವನ್ನು ಸೇರಿದಾಗ ಮತ್ತೆ ವೃದ್ಧಿಸುತ್ತಿದ್ದುದು ಸಜೀವ ಮತ್ತು ನಿರ್ಜೀವಗಳ ನಡುವಣ ಗೆರೆಯನ್ನು ಪ್ರಶ್ನಾರ್ಹವಾಗಿಸಿತು.

ವೈರಸ್

ವೈರಸ್ ಕಣದಲ್ಲಿ ಡಿಎನ್‌ಎ ಅಥವಾ ಆರ್‌ಎನ್‌ಎ ಮತ್ತು ಅದನ್ನು ಆವರಿಸಿದ ಪ್ರೋಟೀನ್ ಕವಚವಿರುತ್ತದೆ. ಕೆಲವು ವೈರಸ್‌ಗಳಿಗೆ ಕೊಬ್ಬಿನ ಹೊರಪದರವೂ ಉಂಟು. ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳಾಗಲಿ, ಸ್ವಂತ ಚಯಾಪಚಯ ಕ್ರಿಯೆಯಾಗಲಿ ಇವಕ್ಕಿಲ್ಲ. ಆತಿಥೇಯ ಕೋಶದ ಹೊರಗೆ ಇವು ನಿಷ್ಕ್ರಿಯವಾಗಿರುತ್ತವೆ. ಈ ಕಾರಣದಿಂದ ಅನೇಕ ವಿಜ್ಞಾನಿಗಳು ಇವನ್ನು ಸಜೀವಿಗಳೆಂದು ಒಪ್ಪುವುದಿಲ್ಲ.

ಆದರೆ ವೈರಸ್‌ಗಳಿಗೆ ತಮ್ಮದೇ ವಂಶವಾಹಿಗಳಿವೆ. ಅವು ಉತ್ಪರಿವರ್ತನೆ ಹೊಂದಿ, ನೈಸರ್ಗಿಕ ಆಯ್ಕೆಗೆ ಒಳಗಾಗಿ ವಿಕಾಸಗೊಳ್ಳುತ್ತವೆ. ವಿಕಾಸವನ್ನೇ ಜೀವದ ಮುಖ್ಯ ಲಕ್ಷಣವೆಂದು ಭಾವಿಸುವವರು ಅವನ್ನು ಸಜೀವಿಗಳೆನ್ನುತ್ತಾರೆ. 2003ರಲ್ಲಿ ಗುರುತಿಸಲಾದ ಮಿಮಿವೈರಸ್‌ನ ಜೀನೋಮ್ ಸುಮಾರು 12 ಲಕ್ಷ ಬೇಸ್ ಜೋಡಿಗಳಷ್ಟಿದ್ದು, ಕೆಲವು ಬ್ಯಾಕ್ಟೀರಿಯಾಗಳ ಜೀನೋಮ್‌ಗಿಂತ ದೊಡ್ಡದು. ಪ್ರೋಟೀನ್ ತಯಾರಿಕೆಗೆ ಸಂಬಂಧಿಸಿದ ಕೆಲವು ವಂಶವಾಹಿಗಳೂ ಅದರಲ್ಲಿವೆ. ಆದರೂ ರೈಬೋಸೋಮ್‌ಗಾಗಿ ಅದು ಆತಿಥೇಯ ಅಮೀಬಾವನ್ನೇ ಆಶ್ರಯಿಸಬೇಕು.

ಪ್ರಿಯಾನ್

ಪ್ರಿಯಾನ್ ಎಂಬ ಪದವನ್ನು 1982ರಲ್ಲಿ ಸ್ಟ್ಯಾನ್ಲಿ ಪ್ರೂಸಿನರ್ ಬಳಕೆಗೆ ತಂದರು. ಈ ಸಂಶೋಧನೆಗಾಗಿ ಅವರಿಗೆ 1997ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಪ್ರಿಯಾನ್ ಎಂದರೆ ತಪ್ಪಾಗಿ ಮಡಚಿಕೊಂಡ ಪ್ರೋಟೀನ್. ಇದು ಅದೇ ಬಗೆಯ ಸಹಜ ಪ್ರೋಟೀನ್‌ಗಳನ್ನೂ ತನ್ನ ಆಕಾರಕ್ಕೆ ಬದಲಾಯಿಸುತ್ತದೆ. ಕುರಿಗಳ ಸ್ಕ್ರೇಪಿ, ದನಗಳ ‘ಹುಚ್ಚು ಹಸು ರೋಗ’ ಮತ್ತು ಮನುಷ್ಯರ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ರೋಗಗಳಿಗೆ ಇದೇ ಕಾರಣ.

ಪ್ರಿಯಾನ್‌ನಲ್ಲಿ ವಂಶವಾಹಿಗಳಿಲ್ಲ. ಅದು ಹೊಸ ಪ್ರೋಟೀನನ್ನು ನಿರ್ಮಿಸದೆ, ಆತಿಥೇಯ ಜೀವಿಯೇ ತಯಾರಿಸಿದ ಪ್ರೋಟೀನಿನ ಆಕಾರವನ್ನಷ್ಟೇ ಕೆಡಿಸುತ್ತದೆ. ಪ್ರಿಯಾನ್‌ಗಳಲ್ಲಿಯೂ ಭಿನ್ನ ತಳಿಗಳಿದ್ದು, ಅವುಗಳ ನಡುವೆ ಆಯ್ಕೆ ನಡೆಯುತ್ತದೆ ಎಂದು 2010ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಹೀಗಾಗಿ ವಿಕಾಸವೊಂದನ್ನೇ ಮಾನದಂಡವಾಗಿಸಿದರೆ ಪ್ರಿಯಾನ್‌ಗಳನ್ನು ಹೊರಗಿಡುವುದೂ ಸುಲಭವಲ್ಲ. ಆದರೂ ಅವನ್ನು ಸಾಮಾನ್ಯವಾಗಿ ನಿರ್ಜೀವವೆಂದೇ ಪರಿಗಣಿಸಲಾಗುತ್ತದೆ.

ಪ್ರಾಯೋಗಿಕ ಮಹತ್ವ

ಈ ಭೇದಗಳಿಗೆ ವೈದ್ಯಕೀಯದಲ್ಲಿ ನೇರ ಪರಿಣಾಮವಿದೆ. ಪ್ರತಿಜೀವಕಗಳು ಬ್ಯಾಕ್ಟೀರಿಯಾದ ಕೋಶಭಿತ್ತಿ, ರೈಬೋಸೋಮ್ ಮುಂತಾದವುಗಳ ಮೇಲೆ ಕೆಲಸ ಮಾಡುತ್ತವೆ. ಅವು ವೈರಸ್‌ನಲ್ಲಿ ಇಲ್ಲದಿರುವುದರಿಂದ ನೆಗಡಿ, ಫ್ಲೂಗಳಿಗೆ ಪ್ರತಿಜೀವಕ ಸೇವಿಸಿದರೆ ಪ್ರಯೋಜನವಾಗದು. ವಂಶವಾಹಿಯನ್ನು ಹಾಳುಮಾಡುವ ವಿಕಿರಣಕ್ಕಾಗಲಿ, ಫಾರ್ಮಾಲಿನ್‌ಗಾಗಲಿ ಪ್ರಿಯಾನ್ ಸುಲಭವಾಗಿ ಮಣಿಯುವುದಿಲ್ಲ. ಆದ್ದರಿಂದ ಸೋಂಕಿತರ ಮಿದುಳಿನ ಶಸ್ತ್ರಚಿಕಿತ್ಸೆಗೆ ಬಳಸಿದ ಉಪಕರಣಗಳನ್ನು ಸಾಮಾನ್ಯ ವಿಧಾನದಿಂದ ಶುದ್ಧೀಕರಿಸಿದರೆ ಸಾಲದು. ಪ್ರಬಲ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಮತ್ತು ಅಧಿಕ ಉಷ್ಣತೆಯ ಹಬೆಯಂಥ ವಿಶೇಷ ಕ್ರಮಗಳು ಬೇಕಾಗುತ್ತವೆ.