ಬೆಂಗಳೂರಿನ ಪಡುವಣ ಬಡಾವಣೆಗಳು: ನೆಲದ ಬೆಲೆಯೂ ನೀರಿನ ಹಾದಿಯೂ

ಕೌಟಲ್ಯನು ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆ, ಹೊಲ, ತೋಟ, ಕಟ್ಟೆ, ಕೆರೆ ಇವೆಲ್ಲವನ್ನೂ ‘ವಾಸ್ತು’ವೆಂಬ ಒಂದೇ ಹೆಸರಿನಿಂದ ಕರೆದು, ಅವುಗಳ ಮಾರಾಟವು ನೆರೆಯವರ ಸಮ್ಮುಖದಲ್ಲಿ ಎಲ್ಲೆಗಳನ್ನು ಸಾರಿಯೇ ನಡೆಯತಕ್ಕುದೆಂದು ವಿಧಿಸಿರುವನು. (ಅಲ್ಲಿ ‘ಸಾಮಂತ’ರೆಂದರೆ ಎಲ್ಲೆಯ ನೆರೆಯವರೇ ಹೊರತು ಮಾಂಡಲಿಕರಲ್ಲ.) ಹೊಸ ಮನೆಯ ಮಳೆನೀರು ಹರಿಯುವ ಕಾಲುವೆಗೂ ಅವನು ನಿಯಮವನ್ನು ಹೇಳದೆ ಬಿಟ್ಟಿಲ್ಲ. ಬೆಂಗಳೂರಿನ ಪಡುವಣ ಭಾಗದಲ್ಲಿ ಎಲ್ಲೆಯನ್ನೂ ನೀರನ್ನೂ ಒಟ್ಟಿಗೆ ನೋಡುವ ಈ ಪದ್ಧತಿಯು ಹೇಗೆ ಮರೆಯಾಯಿತೆಂಬುದು ವಿಚಾರಾರ್ಹವಾದುದು.

ಊರಿನ ನಡುವಣ ದಿಣ್ಣೆಯಿಂದ ಪಡುವಲಿಗೆ ಬಿದ್ದ ಮಳೆಯು ವೃಷಭಾವತಿಯನ್ನು ಸೇರಿ, ಕೆಂಗೇರಿಯ ಮಾರ್ಗವಾಗಿ ಅರ್ಕಾವತಿಗೂ, ಅಲ್ಲಿಂದ ಕಾವೇರಿಗೂ ಹೋಗುವುದು. ಈ ಇಳಿಜಾರಿನ ಹಳ್ಳಗಳಿಗೆ ಹಿಂದಿನವರು ಏರಿಗಳನ್ನು ಕಟ್ಟಿ, ಏರಿಯ ಕೆಳಗೆ ಗದ್ದೆಯನ್ನೂ, ಮೇಲ್ನೆಲದಲ್ಲಿ ಬೆದ್ದಲನ್ನೂ ಮಾಡಿಕೊಂಡು ಎತ್ತರದಲ್ಲಿ ಮನೆಗಳನ್ನು ಕಟ್ಟಿದರು. ಕನ್ನಡನಾಡಿನ ಶಾಸನಗಳಲ್ಲಿ ಗದ್ದೆ ಬೆದ್ದಲುಗಳನ್ನು ಬೇರ್ಪಡಿಸಿ ಹೇಳುವುದೂ, ಕೆರೆಯ ರಕ್ಷಣೆಗೆಂದು ಬಿತ್ತುವಟ್ಟ, ಕಟ್ಟುಗೊಡಗೆಗಳನ್ನು ಬಿಡುವುದೂ ಸರ್ವವಿದಿತ. ಕೆರೆಯ ಕೆಳಗಣ ನೆಲಕ್ಕೆ ಬೆಲೆ ಹೆಚ್ಚು. ಆದರೆ ಆ ಬೆಲೆಯು ನೀರಿನದು. ಅದೇ ನೀರಿನ ಭಯದಿಂದಲೇ ಅಲ್ಲಿ ಯಾರೂ ಒಲೆ ಹೂಡುತ್ತಿರಲಿಲ್ಲ.

1898ರ ಪ್ಲೇಗಿನ ತರುವಾಯ ಪೇಟೆಯ ಜನರು ಮಲ್ಲೇಶ್ವರ, ಬಸವನಗುಡಿಗಳಿಗೆ ಹೋದರು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಲಿಯು ಹುಟ್ಟಿತು. 1949ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರ ಹೆಸರಿನಿಂದ ರಾಜಾಜಿನಗರವು ಮೊದಲಾಯಿತು. ವಿಜಯನಗರ, ಬಸವೇಶ್ವರನಗರಗಳು ಅನಂತರದವು. ಶಿವನಹಳ್ಳಿ, ಸಾಣೆಗುರುವನಹಳ್ಳಿ, ಕಾಮಾಕ್ಷಿಪಾಳ್ಯಗಳ ಕೆರೆಗಳು ಆಟದ ಬಯಲುಗಳೂ ಕಟ್ಟಡಗಳ ನೆಲವೂ ಆದುವು. ಎಲ್ಲಕ್ಕಿಂತ ದೊಡ್ಡ ಮಾರ್ಪಾಟು ನಿವೇಶನದ ಸಂಖ್ಯೆಯಲ್ಲಿ ಅಡಗಿದೆ. ಮೂವತ್ತಡಿ ನಾಲ್ವತ್ತಡಿಯ ಚೌಕವು ದಿಣ್ಣೆಯಲ್ಲಿದ್ದರೂ ತಗ್ಗಿನಲ್ಲಿದ್ದರೂ ಕಾಗದದಲ್ಲಿ ಒಂದೇ ಬಗೆಯದು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ಸಂಖ್ಯೆಯ ನಿವೇಶನ ಎಂದಿರುವುದೇ ಹೊರತು, ಕೋಡಿಯ ನೀರು ಹೋಗುವ ದಿಕ್ಕು ಯಾವುದೆಂದಿಲ್ಲ.

ಸರ್ಕಾರದ ಮಾರ್ಗಸೂಚಿ ಬೆಲೆಯೂ (2023ರ ಅಕ್ಟೋಬರಿನಲ್ಲಿ ಪರಿಷ್ಕೃತವಾದುದು) ಬಡಾವಣೆ, ರಸ್ತೆಗಳನ್ನು ಹಿಡಿದು ನಡೆಯುತ್ತದೆ. ಕೊಳ್ಳುವವರು ವಾಸ್ತುವೆಂದು ಬಾಗಿಲಿನ ದಿಕ್ಕಿಗೆ ಹೆಚ್ಚು ಹಣವನ್ನು ಕೊಡುವರು. ನೆಲದ ಓಟವನ್ನು ಕೇಳುವವರು ವಿರಳ. 2016ರಲ್ಲಿ ಹಸಿರು ನ್ಯಾಯಾಧಿಕರಣವು ಕೆರೆಯ ಸುತ್ತ 75 ಮೀಟರುಗಳನ್ನು ಬಿಡಬೇಕೆಂದಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಗೆರೆ ಹಿಂದೆ ಮುಂದೆ ಸರಿದರೂ ಹಳ್ಳವು ಸರಿಯಲಿಲ್ಲ. 2020ರ ಜೂನ್ ತಿಂಗಳ ಮಳೆಯಲ್ಲಿ ಮೈಸೂರು ರಸ್ತೆಯ ಬದಿಯಲ್ಲಿ ವೃಷಭಾವತಿಯ ತಡೆಗೋಡೆಯೇ ಕುಸಿಯಿತು. ಇಂಥ ತಗ್ಗಿನ ಹಾನಿಯನ್ನು ಹೊರುವವರು ನೆಲವನ್ನು ವಿಭಾಗಿಸಿ ಮಾರಿದವರಲ್ಲ. ಸಾಲ ಮಾಡಿ ಕಡೆಗೆ ಕೊಂಡವರು, ನೆಲಮನೆಯ ಬಾಡಿಗೆದಾರರು.

ಸಾರುವ ನೆರೆಯವರು ಇಂದಿಲ್ಲವಾದರೂ ಸಾಕ್ಷ್ಯವು ಪೂರ್ತಿ ಅಳಿದಿಲ್ಲ. ಹಳೆಯ ಗ್ರಾಮನಕ್ಷೆಗಳಲ್ಲಿ ಕೆರೆಯಂಗಳವೂ ಹಳ್ಳವೂ ಖರಾಬೆಂಬ ಹೆಸರಿನಲ್ಲಿ ಉಳಿದಿರುವುವು. ಕ್ರಯಪತ್ರಕ್ಕೆ ಆ ನಕ್ಷೆಯನ್ನು ಲಗತ್ತಿಸುವ ವಾಡಿಕೆ ಮಾತ್ರ ಇಲ್ಲ.