ಓಟು ಗುಟ್ಟು, ಕೇರಿ ಬಟ್ಟಬಯಲು

"ಯಾರಿಗಿ ಹಾಕೀದಿ ಅಂತ ಧಣಿ ಕೇಳಲಿಲ್ಲೋ ತಮ್ಮಾ. ನಿಮ್ಮ ಕೇರಿ ಯಾರಿಗಿ ಹಾಕ್ಯದ ಅನ್ನೂದು ಎಣಿಕಿ ದಿನಾ ತಿಳೀತದ ಅಂದ, ಅಷ್ಟ."

ದೇವರ ಹಿಪ್ಪರಗಿ ಸೀಮೆಯ ನಮ್ಮಜ್ಜಿಯ ಮಾತಿದು. ಮನೆಯಲ್ಲಿ ಮೊದಲು ಡಿಗ್ರಿ ಕಂಡ ನಾನು ಕಾನೂನಿನ ಪುಸ್ತಕ ತೆರೆದೆ. ಅಲ್ಲಿ ಎಲ್ಲ ಇತ್ತು. ಅಜ್ಜಿಯ ಅಂಜಿಕೆಗೆ ಮಾತ್ರ ಮದ್ದಿರಲಿಲ್ಲ.

1920ರಲ್ಲಿ ಬ್ರಿಟಿಷರು ದಂಡಸಂಹಿತೆಗೆ ಚುನಾವಣಾ ಅಪರಾಧಗಳ ಅಧ್ಯಾಯ ಸೇರಿಸಿದರು. ಮತದಾರನಿಗೆ ಕೇಡು ಮಾಡುವೆನೆಂದು ಬೆದರಿಸುವುದು, ದೇವರ ಸಿಟ್ಟಿಗೆ ಗುರಿಯಾಗುವೆ ಎಂದು ನಂಬಿಸುವುದು 171ಸಿ ಕಲಮಿನಲ್ಲಿ ಅಪರಾಧವಾಯಿತು. ಶಿಕ್ಷೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಆಗ ಬಿಜಾಪುರ ಮುಂಬಯಿ ಪ್ರಾಂತದಲ್ಲಿತ್ತು. ಓಟು ಇದ್ದದ್ದು ಹೊಲ, ಆಸ್ತಿ, ತೆರಿಗೆ ಇದ್ದವರಿಗೆ. ಅಸ್ಪೃಶ್ಯರಿಗೂ ಮತ ಬೇಕೆಂದು ಅಂಬೇಡ್ಕರರು 1919ರಲ್ಲೇ ಸೌತ್‌ಬರೋ ಸಮಿತಿಯ ಮುಂದೆ ವಾದಿಸಿದ್ದರು. ಹಾಗಾದರೆ ಈ ಕಾನೂನು ಕಾದದ್ದು ಯಾರನ್ನು? ಉಳ್ಳವರನ್ನು. ನಮಗೆ ಓಟಿರಲಿಲ್ಲ, ಬೆದರಿಕೆ ಮಾತ್ರ ಇತ್ತು.

ಸ್ವಾತಂತ್ರ್ಯ ಬಂತು, ವಯಸ್ಕರೆಲ್ಲರಿಗೂ ಓಟು ಬಂತು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(2)ನೇ ಕಲಮು ದೇವರ ಸಿಟ್ಟಿನ ಜೊತೆಗೆ ಬಹಿಷ್ಕಾರದ, ಜಾತಿಯಿಂದ ಹೊರಹಾಕುವ ಬೆದರಿಕೆಯನ್ನೂ ಭ್ರಷ್ಟ ಆಚರಣೆ ಎಂದಿತು. ಗುರುವಿನ ಅಪ್ಪಣೆ ತೋರಿಸಿ ಓಟು ಕೇಳಿದ ಪಂಜಾಬಿನ ಶಾಸಕರೊಬ್ಬರ ಗೆಲುವು 1959ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ.

ಆದರೆ ಗೆಳೆಯರೇ, ಕೇರಿ ಅಂಜುವುದು ದೇವರಿಗಲ್ಲ. ನಾಳಿನ ಕೂಲಿಗೆ, ಕೊಡ ನೀರಿಗೆ, ಹೊಲದ ಹಾದಿಗೆ. ದಲಿತರನ್ನು ಓಟು ಹಾಕದಂತೆ, ಇಲ್ಲವೆ ಇಂಥವರಿಗೇ ಹಾಕುವಂತೆ ಬೆದರಿಸುವುದನ್ನು ದೌರ್ಜನ್ಯವೆಂದು ಹೆಸರಿಸಲು 1989ರ ಕಾಯ್ದೆಯೇ ಬರಬೇಕಾಯಿತು. ಆರು ತಿಂಗಳಿಂದ ಐದು ವರ್ಷ ಸೆರೆ, ಮೇಲೆ ದಂಡ. ಓಟು ಮುಗಿದ ಮೇಲಿನ ಹೊಡೆತ, ಬಹಿಷ್ಕಾರಗಳು ಅದರೊಳಗೆ ಸೇರಿದ್ದು 2015ರ ತಿದ್ದುಪಡಿಯಲ್ಲಿ. 1920ರಿಂದ ಎಣಿಸಿದರೆ 95 ವರ್ಷ! 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಮಿನ ಸಂಖ್ಯೆ ಬದಲಾಯಿತು, ಆ ಹಳೆಯ ಒಂದು ವರ್ಷ ಹಾಗೇ ಉಳಿಯಿತು.

ಇಷ್ಟಾದರೂ ಅಜ್ಜಿ ಯಾಕೆ ಅಂಜುತ್ತಾಳೆ? ಕಾಗದದ ಮತಪತ್ರಗಳಿದ್ದಾಗ ಹಲವು ಬೂತಿನ ಚೀಟಿಗಳನ್ನು ಕಲಸಿ ಎಣಿಸಲು ನಿಯಮದಲ್ಲಿ ದಾರಿಯಿತ್ತು. ಯಂತ್ರ ಬಂದ ಮೇಲೆ ಎಣಿಕೆ ಬೂತುವಾರು. ಒಬ್ಬಳ ಓಟು ಗುಟ್ಟು, ಅವಳ ಕೇರಿಯ ಓಟು ಬಟ್ಟಬಯಲು. ಹಲವು ಬೂತುಗಳ ಮತ ಕೂಡಿಸಿ ಒಟ್ಟು ಲೆಕ್ಕವಷ್ಟೇ ತೋರಿಸುವ ಟೋಟಲೈಸರ್ ಯಂತ್ರ ಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಕೇಳಿತು. ಕಾನೂನು ಆಯೋಗವೂ 2015ರಲ್ಲಿ ಹೌದೆಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಯಾಕೆ ಒಪ್ಪುತ್ತದೆ? ಯಾವ ಕೇರಿ ತನ್ನದು, ಯಾವುದು ತನ್ನದಲ್ಲ ಎಂಬ ಲೆಕ್ಕ ಎಲ್ಲ ಪಕ್ಷಗಳಿಗೂ ಬೇಕು.

ಶಿಕ್ಷಕ ಬಂಧುಗಳೇ, ಬೂತಿನಲ್ಲಿ ಕೂಡುವವರು ನೀವೇ. ವಿದ್ಯಾರ್ಥಿಗಳೇ, ಎಣಿಕೆ ಮುಗಿದ ಮೇಲೆ ಕೇರಿಗೆ ಹೋಗಿರಿ. ಯಾರ ಕೂಲಿ ನಿಂತಿತು, ಯಾರ ನೀರು ನಿಂತಿತು ಕೇಳಿ, ದಿನಾಂಕ ಹಾಕಿ ಬರೆದುಕೊಳ್ಳಿರಿ, ದೂರು ಕೊಡಿಸಿರಿ.

ರಾಜನ ದಂಡಿಗೆ ಎದುರು ನಿಂತನೆಂದು ಜನ ಹೇಳುವ ಮಡಿವಾಳ ಮಾಚಯ್ಯನ ಊರು ನಮ್ಮ ಹಿಪ್ಪರಗಿ. ಕೊಳೆ ಎಲ್ಲಿ ಕೂತದ ಅನ್ನೂದು ಒಗೆಯುವವನಿಗೆ ಗೊತ್ತಿರ್ತದ. ಇಲ್ಲಿ ಅದು ಎಣಿಕೆಯೊಳಗ ಕೂತದ.